ಚಳ್ಳಕೆರೆಯಲ್ಲಿ ರೂಮು ಹಿಡಿಯುವ ಮುನ್ನ

ಏಪ್ರಿಲ್ ತಿಂಗಳ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಇಳಿದು ಕಣ್ಣಿಗೆ ಬಿದ್ದ ಲಾಡ್ಜಿಗೆ ಹೋದೆ. ಎಲ್ಲಕ್ಕೂ ಮೇಲಿನ ಅಂತಸ್ತಿನಲ್ಲಿ ಮೂಲೆಯ ರೂಮು ಖಾಲಿ ಇತ್ತು. ಎರಡು ಕಡೆ ಕಿಟಕಿ, ರಸ್ತೆಯ ಗದ್ದಲವಿಲ್ಲ, ಬಾಡಿಗೆಯೂ ಕೆಳಗಿನ ರೂಮಿಗಿಂತ ಕಡಿಮೆ. ಕೀಲಿಕೈ ಹಿಡಿದು ಮುಂದೆ ಹೊರಟ ಹುಡುಗ ಮೆಟ್ಟಿಲಿನ ತಿರುವಿನಲ್ಲಿ ನಿಂತು, ‘ಸಾರ್, ಮ್ಯಾಲೆ ಕಾವು ಜಾಸ್ತಿ. ಕೆಳಗಡೆ ತಗಳ್ರಿ’ ಅಂದ. ಹೆಚ್ಚು ದುಡ್ಡಿನ ರೂಮು ಮಾರಲು ನೋಡುತ್ತಿದ್ದಾನೆ ಅಂದುಕೊಂಡೆ. ರಾತ್ರಿ ಎರಡು ಗಂಟೆಗೆ ಚಾವಣಿಯತ್ತ ಕೈ ಎತ್ತಿದರೆ ರೊಟ್ಟಿ ಹಂಚಿನ ಮೇಲೆ ಕೈ ಹಿಡಿದಂತಿತ್ತು. ಫ್ಯಾನು ಅದೇ ಬಿಸಿಗಾಳಿಯನ್ನು ಎಳೆದು ಮೈಮೇಲೆ ಸುರಿಯುತ್ತಿತ್ತು. ಬೆಡ್‌ಶೀಟು ಹೆಗಲಿಗೆ ಹಾಕಿಕೊಂಡು ತಾರಸಿಗೆ ಹೋದರೆ ಆ ಹುಡುಗ ಅಲ್ಲಿ ಆಗಲೇ ಚಾಪೆ ಹಾಸಿ ಮಲಗಿದ್ದ. ಒಂದು ಮಾತೂ ಆಡದೆ ಪಕ್ಕಕ್ಕೆ ಸರಿದು ಜಾಗ ಕೊಟ್ಟ.

ಊರು ನೋಡಲು ಹೋಗುವವರು ಸಾಮಾನ್ಯವಾಗಿ ರೂಮಿನ ಫೋಟೊ ನೋಡುತ್ತಾರೆ, ಬಾಡಿಗೆ ನೋಡುತ್ತಾರೆ, ಬಸ್ ನಿಲ್ದಾಣ ಎಷ್ಟು ದೂರ ಎಂದು ಕೇಳುತ್ತಾರೆ. ಮಲೆನಾಡಿಗೋ ಕರಾವಳಿಗೋ ಅಷ್ಟು ಸಾಕು. ಚಳ್ಳಕೆರೆ, ಮೊಳಕಾಲ್ಮೂರಿಗೆ ಸಾಲದು. ಪಶ್ಚಿಮ ಘಟ್ಟ ಮೋಡಗಳನ್ನು ಹಿಂಡಿಕೊಂಡ ಮೇಲೆ ಉಳಿದದ್ದು ಈ ಸೀಮೆಗೆ ಬರುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳ ಸಾಲಿನಲ್ಲಿ ಇವು ಎರಡೂ ಇವೆ. ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಬಿಸಿಲು 40 ಡಿಗ್ರಿಯ ಆಸುಪಾಸು. ಜೂನ್ ಬಂತೆಂದರೆ ಮಳೆಗಿಂತ ಮೊದಲು ಗಾಳಿ. ಆಷಾಢದಲ್ಲಿ ಕೊಡೆ ಬಿಚ್ಚುವಂತಿಲ್ಲ. ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಒಂದಿಷ್ಟು ಮಳೆ. ಶೇಂಗಾ ಕೀಳುವ ಹೊತ್ತಿನಿಂದ ಶಿವರಾತ್ರಿಯವರೆಗೆ ಮಾತ್ರ ಊರು ನೆಂಟರನ್ನು ಕರೆಯುವ ಹದದಲ್ಲಿರುತ್ತದೆ. ಹಾಗಾಗಿ ಇಲ್ಲಿ ರೂಮು ಹುಡುಕುವವರು ಮೊದಲು ಕ್ಯಾಲೆಂಡರ್ ನೋಡಿ, ಆಮೇಲೆ ಫೋಟೊ ನೋಡಬೇಕು.

ಬೇಸಿಗೆಯಾದರೆ ಮೇಲಂತಸ್ತು ಬೇಡವೇ ಬೇಡ. ಸಿಮೆಂಟಿನ ಚಾವಣಿ ಹಗಲೆಲ್ಲ ಕಾವು ನುಂಗಿ ರಾತ್ರಿ ಕಕ್ಕುತ್ತದೆ, ಬೆಳಗಿನ ಜಾವದವರೆಗೂ. ತಲೆಯ ಮೇಲೆ ಇನ್ನೊಂದು ಅಂತಸ್ತು ಇರುವ ರೂಮೇ ನೆರಳು. ಹಾಗೆಯೇ ಪಡುವಣ ಗೋಡೆಯ ರೂಮು ಸಂಜೆ ಆರರವರೆಗೆ ಬೇಯುತ್ತಿರುತ್ತದೆ. ಆಷಾಢದಲ್ಲಿ ಗಾಳಿ ದೂಳು ಹೊತ್ತು ಬರುವುದೂ ಅದೇ ದಿಕ್ಕಿನಿಂದ. ಮೂಡಣ ಅಥವಾ ಬಡಗಣ ಕಡೆಯ ರೂಮು ಕೇಳಿ ಪಡೆಯಿರಿ. ಕೌಂಟರಿನಲ್ಲಿ ದಿಕ್ಕು ಕೇಳಿದರೆ ವಾಸ್ತು ನೋಡುವವರು ಅಂದುಕೊಳ್ಳುತ್ತಾರೆ, ಅಂದುಕೊಳ್ಳಲಿ.

ಹಳೆಯ ಕಾಲದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲಿನ ಹಳ್ಳಿಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿರುವ ಮಾಳಿಗೆ ಮನೆಗಳನ್ನು ನೋಡಿ. ದಪ್ಪ ಗೋಡೆ, ಮರದ ತೊಲೆ, ಅದರ ಮೇಲೆ ಸೊಪ್ಪುಸದೆ ಹರಡಿ ಮೇಲೊಂದು ಮೊಳ ಮಣ್ಣು, ನೀರು ಇಳಿಯದಂತೆ ಚೌಳು ಮಣ್ಣಿನ ಹೊದಿಕೆ, ನಡುಮನೆಗೆ ಬೆಳಕು ಬೀಳಲು ಒಂದು ಗವಾಕ್ಷಿ. ಮಧ್ಯಾಹ್ನ ಎರಡಕ್ಕೆ ಒಳಗೆ ಕಾಲಿಟ್ಟರೆ ಮಣ್ಣಿನ ಮಡಕೆಯೊಳಗೆ ಕಾಲಿಟ್ಟಂತೆ ತಂಪು. ಮಾಳಿಗೆ ಸೋರುತ್ತದೆ, ವರ್ಷಾವರ್ಷ ಮಣ್ಣು ಹಾಕಬೇಕು, ಗೆದ್ದಲು ಹತ್ತುತ್ತದೆ ಎಂದು ಜನ ಆರ್‌ಸಿಸಿ ಕಟ್ಟಿಸಿಕೊಂಡರು. ಅದು ತಪ್ಪೆನ್ನಲು ನಾನ್ಯಾರು, ಮಣ್ಣು ಹೊರುವವನು ನಾನಲ್ಲ. ಆದರೆ ಪರಿಚಯದವರ ಮಾಳಿಗೆ ಮನೆಯಲ್ಲಿ ಜಗಲಿ ಸಿಕ್ಕರೆ ಎಸಿ ರೂಮನ್ನು ಬಿಟ್ಟು ಅಲ್ಲಿಗೆ ಹೋಗಿ ಎಂದು ಮಾತ್ರ ಹೇಳಬಲ್ಲೆ.

ಎಸಿ ಬೇಕೋ ಕೂಲರ್ ಸಾಕೋ ಎಂಬ ಪ್ರಶ್ನೆ ಬರುತ್ತದೆ. ಒಣಗಾಳಿಯ ಊರಿನಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಒದ್ದೆ ಹುಲ್ಲಿನ ಮೂಲಕ ಹಾಯುವ ಗಾಳಿ ನೀರನ್ನು ಆವಿಯಾಗಿಸಿ ತನ್ನ ಬಿಸಿ ಕಳೆದುಕೊಳ್ಳುತ್ತದೆ. ಗಾಳಿ ಎಷ್ಟು ಒಣಗಿದ್ದರೆ ಅಷ್ಟು ತಂಪು. ಮಂಗಳೂರಿನಲ್ಲಿ ಇದೇ ಯಂತ್ರ ಮೈಗೆ ಜಿಗುಟು ತರುತ್ತದೆ, ಅಷ್ಟೇ. ಅಮೆರಿಕದ ಅರಿಝೋನಾ ಮರುಭೂಮಿಯ ಊರುಗಳು ಎಸಿ ಬರುವ ಮೊದಲು 1930ರ ದಶಕದಲ್ಲಿ ಈ ಉಪಾಯದಲ್ಲೇ ಬೇಸಿಗೆ ಕಳೆದವು. ಕೂಲರ್ ರೂಮಿನಲ್ಲಿ ಒಂದು ಕಿಟಕಿ ಬೆರಳಷ್ಟಾದರೂ ತೆರೆದಿಡಬೇಕು, ಎಲ್ಲ ಮುಚ್ಚಿದರೆ ರೂಮು ಸೆಕೆಗೂಡಾಗುತ್ತದೆ. ಇನ್ನು ಕೂಲರಿಗೆ ಕೊಡಗಟ್ಟಲೆ ನೀರು ಬೇಕು, ಅದಕ್ಕೇ ಲಾಡ್ಜಿನವರು ಮುಖ ಸಿಂಡರಿಸಿದರೆ ಆಶ್ಚರ್ಯಪಡಬೇಡಿ. ಕರೆಂಟು ಹೋದರೆ ಜನರೇಟರ್ ಫ್ಯಾನಿಗೂ ಬರುತ್ತದೋ ಬರೀ ದೀಪಕ್ಕೋ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನನ್ನ ಕೇಳಿದರೆ ಇಲ್ಲಿ ತಂಪಿಗಿಂತ ದೊಡ್ಡ ಪ್ರಶ್ನೆ ನೀರಿನದು. ಕೊಳವೆಬಾವಿಯ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ತಲೆಗೂದಲು ತೆಂಗಿನ ನಾರಾಗುತ್ತದೆ. ಚಿತ್ರದುರ್ಗದ ಈ ಭಾಗ, ಪಕ್ಕದ ಪಾವಗಡ, ಇಲ್ಲೆಲ್ಲ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೆಂದೇ ತುಂಗಭದ್ರಾ ಹಿನ್ನೀರಿನಿಂದ ಪಾವಗಡ, ಚಳ್ಳಕೆರೆ, ಮೊಳಕಾಲ್ಮೂರು, ಕೂಡ್ಲಿಗಿ ಕಡೆಗೆ ಕುಡಿಯುವ ನೀರಿನ ಯೋಜನೆ ಬಂದದ್ದು. ಎರಡು ದಿನದ ಅತಿಥಿಗೆ ಫ್ಲೋರೈಡಿನಿಂದ ಏನೂ ಆಗದು, ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ಕೂಡುವ ಕೇಡು. ತಿಂಗಳುಗಟ್ಟಲೆ ಇರುವವರು ಮಾತ್ರ ಶುದ್ಧ ನೀರಿನ ಘಟಕ ಎಲ್ಲಿದೆ ಎಂದು ಕೇಳಿ ಅದರ ಹತ್ತಿರವೇ ಮನೆ ಹಿಡಿಯಬೇಕು. ಕೆಲವು ಕಾಸಿಗೆ ಕ್ಯಾನ್ ತುಂಬಿಸಿಕೊಳ್ಳುವ ಆ ಘಟಕಗಳು ಈಗ ಹಳ್ಳಿಹಳ್ಳಿಯಲ್ಲಿವೆ. ಲಾಡ್ಜಿನಲ್ಲಿ ‘ನೀರು ಇಪ್ಪತ್ನಾಲ್ಕು ಗಂಟೆ ಬರುತ್ತಾ?’ ಎಂದರೆ ‘ಬರ್ತತಿ’ ಎಂಬ ಉತ್ತರವೇ ಬರುವುದು. ‘ಬೆಳಿಗ್ಗೆ ಎಷ್ಟು ಹೊತ್ತಿಗೆ ಬಿಡ್ತೀರಿ?’ ಎಂದು ಕೇಳಿ, ನಿಜ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ತಾರಸಿಯ ಕಪ್ಪು ಟ್ಯಾಂಕಿನ ನೀರು ಹನ್ನೊಂದರ ಹೊತ್ತಿಗೇ ಕಾದಿರುತ್ತದೆ. ಸ್ನಾನ ಏನಿದ್ದರೂ ಸೂರ್ಯ ಏರುವ ಮೊದಲು.

ಇನ್ನು ಊರಿನ ಯಾವ ಮೂಲೆ? ಚಳ್ಳಕೆರೆಯೆಂದರೆ ನಾಲ್ಕು ರಸ್ತೆ ಕೂಡುವ ನೆಹರು ವೃತ್ತ. ಬೆಂಗಳೂರು, ಬಳ್ಳಾರಿ, ಚಿತ್ರದುರ್ಗ, ಪಾವಗಡ, ಎಲ್ಲ ಕಡೆಯ ಬಸ್ಸೂ ಈ ಸುತ್ತಿನಲ್ಲೇ ಹಾಯುತ್ತವೆ. ಒಂದು ರಾತ್ರಿಯ ಕೆಲಸಕ್ಕೆ ಬಂದವರಿಗೆ, ಬೆಳಿಗ್ಗೆ ಐದರ ಬಸ್ ಹಿಡಿಯುವವರಿಗೆ ಇಲ್ಲಿಗಿಂತ ಅನುಕೂಲದ ಜಾಗವಿಲ್ಲ. ಗದ್ದಲ ಮಾತ್ರ ಹನ್ನೆರಡರವರೆಗೂ ಇಳಿಯದು. ರಸ್ತೆ ಕಡೆಯ ರೂಮು ಬಿಟ್ಟು ಒಳಗಿನದನ್ನು ಕೇಳಿ. ಹೋಟೆಲುಗಳಿಗೂ ಇದೇ ಜಾಗ: ಬೆಳಿಗ್ಗೆ ಪಡ್ಡು, ಶೇಂಗಾ ಚಟ್ನಿ, ಸಂಜೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಮಧ್ಯಾಹ್ನ ಮುದ್ದೆ. ಒಳ್ಳೆಯ ಮುದ್ದೆಯೂಟದ ಮೆಸ್ಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಉಳಿಯುವುದೂ ಒಂದು ಲೆಕ್ಕಾಚಾರವೇ, ನಾನಂತೂ ಅದನ್ನು ಮೊದಲು ನೋಡುತ್ತೇನೆ.

ಎಪಿಎಂಸಿ, ಎಣ್ಣೆ ಗಿರಣಿಗಳ ಕಡೆ ಲಾರಿಗಳದ್ದೇ ರಾಜ್ಯ. ಚಳ್ಳಕೆರೆಯನ್ನು ಎಣ್ಣೆ ನಗರ ಅನ್ನುತ್ತಿದ್ದದ್ದು, ಹೆಮ್ಮೆಗೆ ಇನ್ನೊಂದು ಬಾಂಬೆ ಅನ್ನುತ್ತಿದ್ದದ್ದು ಈ ಗಿರಣಿಗಳಿಂದ. ಅಗ್ಗದ ಪಾಮ್ ಎಣ್ಣೆ ಬಂದು, ಮಳೆ ಕೈಕೊಟ್ಟು ಎಷ್ಟೋ ಗಿರಣಿ ಮುಚ್ಚಿದವು. ಉಳಿದವು ಸುಗ್ಗಿಯಲ್ಲಿ ತಿರುಗುವಾಗ ಹುರಿದ ಶೇಂಗಾದ ವಾಸನೆ ಬೀದಿಗೆಲ್ಲ ಹರಡುತ್ತದೆ. ವ್ಯಾಪಾರಕ್ಕೆ ಬಂದವರಿಗೆ ಅದು ದುಡ್ಡಿನ ವಾಸನೆ, ಮಕ್ಕಳನ್ನು ಕರೆದುಕೊಂಡು ಬಂದವರು ದೂರ ಇದ್ದರೆ ನಿದ್ದೆ ಬರುತ್ತದೆ. ಸ್ವಂತ ಕಾರಿನಲ್ಲಿ ಬಂದವರು ಚಿತ್ರದುರ್ಗ ರಸ್ತೆ ಅಥವಾ ಹೆದ್ದಾರಿ ಬದಿಯ ಹೊಸ ಕಟ್ಟಡಗಳನ್ನು ನೋಡಬಹುದು. ವಾಹನ ನಿಲ್ಲಿಸಲು ಜಾಗ, ಗೋಡೆಗೆ ಹೊಸ ಸುಣ್ಣ, ಸುತ್ತ ಒಂದೂ ಮರವಿಲ್ಲ. ಕಾರನ್ನು ನೆರಳಿಲ್ಲದಲ್ಲಿ ಬಿಟ್ಟು ಮಧ್ಯಾಹ್ನ ಸ್ಟೇರಿಂಗ್ ಹಿಡಿದು ನೋಡಿ, ಮರ ಯಾಕೆ ಬೇಕೆಂದು ತಿಳಿಯುತ್ತದೆ.

ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರವನ್ನು ಜನ ಐಬಿ ಅನ್ನುತ್ತಾರೆ. ಎತ್ತರದ ಚಾವಣಿ, ಸುತ್ತ ಬೇವು ಹೊಂಗೆ, ಇಂಥ ಊರಿಗೆ ಹೇಳಿ ಮಾಡಿಸಿದ ಕಟ್ಟಡ. ಕೊಠಡಿ ಬೇಕಾದರೆ ಇಲಾಖೆಯ ಕಚೇರಿಯಲ್ಲಿ ಮೊದಲೇ ಹೇಳಿಡಬೇಕು. ಹಾಗಿದ್ದೂ ಮಂತ್ರಿಗಳ ಪ್ರವಾಸ ಬಂತೆಂದರೆ ನಿಮ್ಮ ಚೀಲ ಜಗಲಿಗೆ ಬರುತ್ತದೆ. ಇದನ್ನು ಒಪ್ಪಿಕೊಂಡೇ ಅಲ್ಲಿಗೆ ಹೋಗಬೇಕು.

ನಾಯಕನಹಟ್ಟಿಗೆಂದು ಬರುವವರ ಲೆಕ್ಕ ಬೇರೆ. ಚಳ್ಳಕೆರೆಯಿಂದ ಸುಮಾರು 20 ಕಿ.ಮೀ. ದೂರದ ಈ ಊರು ಗುರು ತಿಪ್ಪೇರುದ್ರಸ್ವಾಮಿಯದು. ಕೆರೆ ಕಟ್ಟಿಸಿ ಜನರಿಗೆ ನೀರು ತೋರಿಸಿದ ಅವಧೂತನಿಗೆ ಬರದ ಸೀಮೆ ದೇವರ ಪಟ್ಟ ಕೊಟ್ಟಿದೆ. ಒಳಮಠ, ಹೊರಮಠ ಎರಡೂ ನಡಿಗೆಯ ದೂರದಲ್ಲಿವೆ. ಜನ ಸೇರುವ ಸೋಮವಾರ ಬಿಟ್ಟು ಬೇರೆ ದಿನ ಹೋದರೆ ದೇವಸ್ಥಾನದ ಕಚೇರಿಯಲ್ಲಿ ವಿಚಾರಿಸಿ ಕೊಠಡಿ ಪಡೆದು ನೆಮ್ಮದಿಯಾಗಿ ಉಳಿಯಬಹುದು. ಫಾಲ್ಗುಣದ ರಥೋತ್ಸವದ ವಾರ ಮಾತ್ರ ರೂಮಿನ ಆಸೆ ಬಿಟ್ಟುಬಿಡಿ. ಲಕ್ಷಗಟ್ಟಲೆ ಜನ ಸೇರುತ್ತಾರೆ, ಹರಕೆಯ ಕೊಬ್ಬರಿ ಸುಡುವ ಹೊಗೆ ಊರಿಗೇ ಕವಿಯುತ್ತದೆ, ಜನ ಗಾಡಿಯ ಕೆಳಗೆ, ಲಾರಿಯ ಮೇಲೆ, ಬಯಲಲ್ಲಿ ಮಲಗುತ್ತಾರೆ. ಆ ದಿನಗಳಲ್ಲಿ ಚಳ್ಳಕೆರೆಯ ರೂಮುಗಳೂ ತುಂಬಿರುವುದರಿಂದ ಚಿತ್ರದುರ್ಗದಲ್ಲಿ ಉಳಿದು ಬೆಳಿಗ್ಗೆ ಹೋಗಿ ಬರುವುದು ಲೇಸು. ಭಾದ್ರಪದದ ಗೌರಸಮುದ್ರ ಮಾರಮ್ಮನ ಜಾತ್ರೆಗೂ ಇದೇ ಮಾತು.

ಇದೇ ನಾಯಕನಹಟ್ಟಿ ದಾರಿಯಲ್ಲಿ ಕುದಾಪುರ. ಅಮೃತಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಕ್ಯಾಂಪಸ್ಸು, ಡಿಆರ್‌ಡಿಒದ ವಿಮಾನ ಪರೀಕ್ಷಾ ನೆಲೆ ಎದ್ದಿವೆ. ಇಸ್ರೊ ತನ್ನ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನಾಗಿ ಇಳಿಯುವಂತೆ ಮಾಡಿದ್ದು ಇಲ್ಲಿನ ರನ್‌ವೇಯಲ್ಲೇ; ಮೊದಲ ಸಲ 2023ರ ಏಪ್ರಿಲ್ 2ರಂದು, ಆಮೇಲೆ 2024ರಲ್ಲಿ ಎರಡು ಸಲ. ದನ, ಕುರಿ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದ ನೋವು ಸುತ್ತಲ ಹಳ್ಳಿಗಳಲ್ಲಿ ಇನ್ನೂ ಆರಿಲ್ಲ, ಚಹಾದಂಗಡಿಯಲ್ಲಿ ಆ ವಿಷಯ ಎತ್ತುವ ಮುನ್ನ ಎದುರಿಗಿರುವವರ ಮುಖ ನೋಡಿ. ವಿಜ್ಞಾನ ಸಂಸ್ಥೆಯ ತರಬೇತಿಗೆ ಬರುವ ಶಿಕ್ಷಕರಿಗೆ ಕ್ಯಾಂಪಸ್ಸಿನೊಳಗೇ ವಸತಿ ಇರುತ್ತದೆ. ರಕ್ಷಣಾ ನೆಲೆಯನ್ನು ಬೇಲಿಯಾಚೆಯಿಂದ ನೋಡಿ ಫೋಟೊ ಹೊಡೆಯುತ್ತೇನೆಂದು ಬರುವವರಿಗೆ ವಸತಿ ಪೊಲೀಸ್ ಠಾಣೆಯಲ್ಲಿ ಸಿಕ್ಕೀತು.

ಮೊಳಕಾಲ್ಮೂರು ಚಳ್ಳಕೆರೆಯಿಂದ 50 ಕಿ.ಮೀ.ಗೂ ಹೆಚ್ಚು ದೂರ, ಬಂಡೆಗುಡ್ಡಗಳ ನಡುವೆ ಅವಿತ ಊರು. ರೇಷ್ಮೆ ಸೀರೆಗೆಂದು ಬರುವ ಹೆಂಗಸರು ಸಾಮಾನ್ಯವಾಗಿ ಬೆಳಿಗ್ಗೆ ಬಂದು, ಅಂಗಡಿ ನೋಡಿ, ಸಂಜೆ ಹೊರಟುಬಿಡುತ್ತಾರೆ. ನಾನು ಹೇಳುವುದು: ಒಂದು ರಾತ್ರಿ ಇರಿ. ಮಗ್ಗದ ಸದ್ದು ಬೆಳಿಗ್ಗೆ ಬೇಗ ಶುರುವಾಗುತ್ತದೆ. ಬಿಸಿಲೇರುವ ಮೊದಲು ಕೆಲಸ ಸಾಗಬೇಕಲ್ಲ. ಊರಿನಲ್ಲೂ ಇದೇ ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲೂ ನೇಕಾರರ ಮನೆ ಬಾಗಿಲಲ್ಲಿ ನಿಂತು ‘ಅಕ್ಕಾ, ಒಂಚೂರು ನೋಡಬಹುದಾ?’ ಎಂದರೆ ಒಳಗೆ ಕರೆಯುತ್ತಾರೆ. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ; ಬೇರೆ ಬೇರೆ ಲಾಳಿಗಳು ಒಂದನ್ನೊಂದು ಕೊಂಡಿ ಹಾಕಿಕೊಂಡು ಹೋಗುವುದನ್ನು ಅರ್ಧ ಗಂಟೆ ನೋಡಿದವರು ಆಮೇಲೆ ಅಂಗಡಿಯಲ್ಲಿ ಚೌಕಾಸಿ ಮಾಡುವಾಗ ಸ್ವಲ್ಪ ನಾಚುತ್ತಾರೆ. ಜಿಐ ಮಾನ್ಯತೆ ಪಡೆದ ಸೀರೆ ಇದು, ಕೈಮಗ್ಗದ್ದೇ ಎಂದು ಕೇಳಿ ಖಾತರಿ ಮಾಡಿಕೊಳ್ಳಿ.

ಮೊಳಕಾಲ್ಮೂರಿನಲ್ಲಿ ಲಾಡ್ಜುಗಳು ಬೆರಳೆಣಿಕೆಯಷ್ಟು, ಸಾದಾ. ಫೋನು ಮಾಡಿ ಹೊರಡುವುದು ಮೇಲು. ಸಿಗದಿದ್ದರೆ ಸುಮಾರು 15 ಕಿ.ಮೀ. ದಾಟಿದರೆ ಆಂಧ್ರದ ರಾಯದುರ್ಗ. ಅಲ್ಲಿ ಕನ್ನಡ ನಡೆಯುತ್ತದೆ, ಇಲ್ಲಿ ತೆಲುಗು ನಡೆಯುತ್ತದೆ, ಗಡಿ ಇರುವುದು ಬಸ್ ಟಿಕೆಟಿನಲ್ಲಿ ಮಾತ್ರ. ಬೇಸಿಗೆಯಲ್ಲಿ ಬಂಡೆಗಳಿಗೆ ಆತುಕೊಂಡ ಕಟ್ಟಡ ಬೇಡ. ಸಿಮೆಂಟಿನಂತೆ ಬಂಡೆಯೂ ಹಗಲಿನ ಸಾಲವನ್ನು ರಾತ್ರಿ ತೀರಿಸುತ್ತದೆ. ಗುಡ್ಡದ ಅಂಚಿನ ಮನೆಗಳಲ್ಲಿ ಉಳಿದವರು ಕತ್ತಲಾದ ಮೇಲೆ ಒಬ್ಬರೇ ತಿರುಗಾಡಬಾರದು, ಈ ಗುಡ್ಡಗಳಲ್ಲಿ ಕರಡಿಗಳಿವೆ.

ಅಶೋಕನ ಶಾಸನ ನೋಡುವವರಿಗೆ ಮೊಳಕಾಲ್ಮೂರೇ ಸರಿಯಾದ ಬಿಡಾರ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಮೂರೂ ಈ ತಾಲ್ಲೂಕಿನಲ್ಲಿ ಒಂದಕ್ಕೊಂದು ಹತ್ತಿರದಲ್ಲಿವೆ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯ ನೆಲ ಅಗೆಸಿದರು. ಸುವರ್ಣಗಿರಿಯಿಂದ ಇಲ್ಲಿನ ಅಂದಿನ ಊರಾದ ಇಸಿಲದ ಅಧಿಕಾರಿಗಳಿಗೆ, ಅಂದರೆ ಮಹಾಮಾತ್ರರಿಗೆ, ಬಂದ ಆಜ್ಞೆ ಈ ಶಾಸನ. ಇದನ್ನು ಬರೆದ ಚಪಡ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಅಷ್ಟು ದೂರದಿಂದ ಬಂದ ಲಿಪಿಕಾರ ಇಸಿಲದಲ್ಲಿ ಎಲ್ಲಿ ಉಳಿದಿದ್ದನೋ, ಅವನಿಗೆ ಯಾವ ದಿಕ್ಕಿನ ಮನೆ ಸಿಕ್ಕಿತ್ತೋ! ಜಟಿಂಗ ರಾಮೇಶ್ವರದ ಮೆಟ್ಟಿಲು ಬೆಳಿಗ್ಗೆ ಎಂಟರೊಳಗೆ ಹತ್ತಿ ಮುಗಿಸಬೇಕು, ಹತ್ತರ ಮೇಲೆ ಬಂಡೆ ಕಾಲು ಸುಡುತ್ತದೆ. ಚಳ್ಳಕೆರೆಯಲ್ಲಿ ಉಳಿದವರಿಗೆ ಆ ಹೊತ್ತು ಸಿಗುವುದಿಲ್ಲ. ಬಳ್ಳಾರಿ ಕಡೆಯಿಂದ ಬರುವವರು ಹೆದ್ದಾರಿಯ ರಾಂಪುರದಲ್ಲಿಳಿದು ಆಟೊ ಹಿಡಿಯಬಹುದು. ಹಾಗೆ ಬಂದರೆ ಬಳ್ಳಾರಿಯಲ್ಲೇ ಉಳಿದರೂ ನಡೆಯುತ್ತದೆ.

ಕುಟುಂಬ ಸಮೇತ, ವಯಸ್ಸಾದವರ ಜೊತೆ, ಅದೂ ಬೇಸಿಗೆ ರಜೆಯಲ್ಲಿ ಬರುವವರಿಗೆ ನನ್ನ ಸಲಹೆ ನೇರ: ಚಿತ್ರದುರ್ಗದಲ್ಲಿ ಉಳಿಯಿರಿ. ಚಳ್ಳಕೆರೆ ಅಲ್ಲಿಂದ 30 ಕಿ.ಮೀ. ಅಷ್ಟೆ. ಕೋಟೆಯ ಹತ್ತಿರ ಪ್ರವಾಸೋದ್ಯಮ ನಿಗಮದ ಮಯೂರ ದುರ್ಗ ಇದೆ, ಬೇರೆ ಹೋಟೆಲುಗಳೂ ಸಾಕಷ್ಟಿವೆ, ಜಿಲ್ಲಾ ಆಸ್ಪತ್ರೆಯಿದೆ, ರಾಷ್ಟ್ರೀಯ ಹೆದ್ದಾರಿಯಿದೆ. ಒಂದು ದಿನ ಕೋಟೆ, ಒಂದು ದಿನ ಚಳ್ಳಕೆರೆ, ನಾಯಕನಹಟ್ಟಿ, ಇನ್ನೊಂದು ದಿನ ಹಿರಿಯೂರಿನ ವಾಣಿವಿಲಾಸ ಸಾಗರ. 1933ರ ನಂತರ 2022ರಲ್ಲಿ ಕೋಡಿ ಹರಿದ ಆ ಜಲಾಶಯವನ್ನು ನೋಡಲು ಆಗ ಈ ಸೀಮೆಯ ಜನ ಮದುವೆಗೆ ಹೊರಟಂತೆ ಹೊರಟಿದ್ದರು. ರೈಲು ನೆಚ್ಚಿಕೊಂಡು ಬರುವವರು ಸಮಯ ನೋಡಿಕೊಳ್ಳಿ: ಚಿತ್ರದುರ್ಗ–ರಾಯದುರ್ಗ ಮಾರ್ಗದಲ್ಲಿ ಚಳ್ಳಕೆರೆ, ಮೊಳಕಾಲ್ಮೂರು ಎರಡಕ್ಕೂ ನಿಲ್ದಾಣವಿದೆ, ಗಾಡಿಗಳು ಮಾತ್ರ ಕಡಿಮೆ. ಹಳ್ಳಿಗಳ ಕಡೆ ಖಾಸಗಿ ಬಸ್ಸುಗಳೇ ಆಧಾರ. ಕೊನೆಯ ಬಸ್ ಎಷ್ಟಕ್ಕೆಂದು ಬೆಳಿಗ್ಗೆಯೇ ಕಂಡಕ್ಟರನ್ನು ಕೇಳಿಡಿ.

ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಲ್ಲಿ ಉಳಿಯುವ ಭಾಗ್ಯ ಎಲ್ಲರಿಗೂ ಸಿಗದು. ಜಾನಪದದ ಬೆನ್ನುಹತ್ತಿ ಬರುವ ಹುಡುಗ ಹುಡುಗಿಯರಿಗೆ, ಜಾತ್ರೆಗೆ ಸ್ನೇಹಿತರ ಮನೆಗೆ ಬರುವವರಿಗೆ ಸಿಗುತ್ತದೆ. ಸಾವಿರಾರು ಪದಗಳನ್ನು ನೆನಪಿನಿಂದ ಹಾಡಿದ ಸಿರಿಯಜ್ಜಿ ಇದ್ದದ್ದು ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ. ಪರಶುರಾಂಪುರದ ಕಡೆ ಪುರ್ಲಹಳ್ಳಿಯಲ್ಲಿ ಜನವರಿಯ ಸುಮಾರಿಗೆ ಕ್ಯಾತಪ್ಪನ ಜಾತ್ರೆ. ಮುಳ್ಳಿನ ರಾಶಿಯಿಂದ ಗುಡಿ ಕಟ್ಟಿ, ಬರಿಗಾಲಿನಲ್ಲಿ ಹತ್ತಿ ಕಳಶ ಕೀಳುವ ಕಾಡುಗೊಲ್ಲರನ್ನು ನೋಡಲು ದೂರದಿಂದ ಜನ ಬರುತ್ತಾರೆ. ಹಟ್ಟಿಗೆ ಹೋದರೆ ಅಲ್ಲಿನ ಕಟ್ಟಳೆ ನಿಮಗೂ ಕಟ್ಟಳೆಯೇ. ದೇವರ ಗುಡಿಯ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ. ಮ್ಯಾಸಬೇಡರ ಹಟ್ಟಿಯಲ್ಲಿ ಸಂಪ್ರದಾಯಸ್ಥರು ಕೋಳಿ ತಿನ್ನುವುದಿಲ್ಲ, ಹೆಂಡ ಮುಟ್ಟುವುದಿಲ್ಲ. ಉಪಕಾರ ಮಾಡುತ್ತೇನೆಂದು ಪೇಟೆಯಿಂದ ಕೋಳಿ ಕಟ್ಟಿಸಿಕೊಂಡು ಹೋದವನೊಬ್ಬನನ್ನು ನಾನು ಬಲ್ಲೆ. ಊರಾಚೆಯ ಬೇವಿನ ಮರದ ಕೆಳಗೆ ಆ ಪೊಟ್ಟಣವನ್ನು ಕಾಯುತ್ತ ಕೂತವನು ಅವನೇ. ದೇವರ ಎತ್ತುಗಳ ಗೂಡಿಗೆ ಹೋಗುವುದಾದರೆ ಅವುಗಳನ್ನು ಕಾಯುವ ಕಿಲಾರಿಯನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಅತಿಥಿಗೆ ಕೊಟ್ಟ ತಂಬಿಗೆ ನೀರು ಎಷ್ಟು ದೂರದಿಂದ ಬಂದಿದೆಯೋ ಗೊತ್ತಿರುವುದಿಲ್ಲ. ಕುಡಿದು ಉಳಿದದ್ದನ್ನು ಚೆಲ್ಲದೆ ಗಿಡದ ಬುಡಕ್ಕೆ ಹಾಕಿದರೆ ಮನೆಯ ಅಜ್ಜಿ ನಿಮ್ಮ ಊರು ಯಾವುದೆಂದು ಕೇಳಿ ಮಾತಿಗೆ ಕೂರುತ್ತಾಳೆ.

ಸಣ್ಣಪುಟ್ಟ ಸಂಗತಿಗಳು ಎರಡಿವೆ. ಆಧಾರ್ ಪ್ರತಿ ಎಲ್ಲರದೂ ಇಟ್ಟುಕೊಳ್ಳಿ. ಬಾಡಿಗೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕವೋ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ ಎಂಬುದನ್ನು ಕೀಲಿಕೈ ಪಡೆಯುವಾಗಲೇ ಕೇಳಿ; ಬಿಸಿಲಿನ ಹನ್ನೆರಡಕ್ಕೆ ಚೀಲ ಹೊತ್ತು ಬೀದಿಗೆ ಬೀಳುವುದು ಯಾರಿಗೂ ಬೇಡ.

ಡಿಸೆಂಬರ್, ಜನವರಿಯಲ್ಲಿ ಬರುವವರು ನಾನು ಹೇಳಿದ್ದನ್ನು ತಿರುಗಿಸಿ ಓದಿಕೊಳ್ಳಬೇಕು. ಆಗ ಮೇಲಂತಸ್ತೇ ಚೆನ್ನ, ಪಡುವಣ ಗೋಡೆಯೇ ಹಿತ, ತಾರಸಿಯಲ್ಲಿ ಬೆಳಗಿನ ಎಳೆಬಿಸಿಲು ಸಿಗುವ ರೂಮಿಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೋಡವಿಲ್ಲದ ಆಕಾಶ ರಾತ್ರಿ ನೆಲದ ಬಿಸಿಯನ್ನೆಲ್ಲ ಎಳೆದುಕೊಂಡುಬಿಡುವುದರಿಂದ ನಾಲ್ಕರ ಜಾವಕ್ಕೆ ಚಳಿ ಮೂಳೆಗೆ ತಾಗುತ್ತದೆ, ಲಾಡ್ಜಿನ ತೆಳು ಹೊದಿಕೆ ಸಾಲದು. ಪೇಟೆಯಲ್ಲಿ ಕುರಿ ಉಣ್ಣೆಯ ಚಳ್ಳಕೆರೆ ಕಂಬಳಿ ಸಿಗುತ್ತದೆ. ಮೊದಲೆರಡು ರಾತ್ರಿ ಚುಚ್ಚುತ್ತದೆ, ಕುರಿಯ ವಾಸನೆ ಇರುತ್ತದೆ. ನಾನು ಕೊಂಡದ್ದಕ್ಕೆ ಹನ್ನೊಂದು ವರ್ಷ; ಈಗ ಚುಚ್ಚುವುದಿಲ್ಲ, ವಾಸನೆ ಮಾತ್ರ ಮಳೆಗಾಲದಲ್ಲಿ ಇನ್ನೂ ಬರುತ್ತದೆ.